4130 ನಂಬರಿನ ಕಲ್ಲಿಗೆ ಒಬ್ಬ ಗುಮಾಸ್ತನ ಹೆಸರು

ಭಾಗ 1/9 | ಹೆಸರಿಗೆ ರೇಟ್ ಇಲ್ಲ

ಬರ್ತ್‌ಡೇಗೆ "ನಿನ್ನ ಹೆಸರಿನ ನಕ್ಷತ್ರ" ಅಂತ ಫ್ರೇಮ್ ಹಾಕಿಸಿದ ಸರ್ಟಿಫಿಕೇಟ್ ಕೊಡೋದು ಈಗ ಒಂದು ಫ್ಯಾಷನ್. ಆನ್‌ಲೈನಲ್ಲಿ ದುಡ್ಡು ಕಟ್ಟಿದ್ರೆ ಮನೆಗೇ ಬರುತ್ತೆ. ನೋಡೋಕೆ ಚೆನ್ನಾಗಿರುತ್ತೆ, ಬೇಡ ಅನ್ನಲ್ಲ. ಆದ್ರೆ ಖಗೋಳ ವಿಜ್ಞಾನಿಗಳ ದಾಖಲೆಯಲ್ಲಿ ಆ ಕಾಗದಕ್ಕೆ ಯಾವ ಬೆಲೆಯೂ ಇಲ್ಲ. ಆಕಾಶದಲ್ಲಿ ಹೆಸರು ಮಾರೋ ಅಂಗಡಿ ಇಲ್ಲ, ಮಾರಾಯ್ರೆ.

ಹಾಗಾದ್ರೆ ಅಲ್ಲಿ ಹೆಸರು ಹೇಗೆ ಬೀಳುತ್ತೆ? ಅದಕ್ಕೆ ಒಂದು ಕಲ್ಲಿನ ಕಥೆ ಹೇಳ್ತೀನಿ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನ ಸುತ್ತುತ್ತಾ ಇರೋ ಒಂದು ಕ್ಷುದ್ರಗ್ರಹ. ನಂಬರ್ 4130. ಕಂಡುಹಿಡಿದಿದ್ದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರೋ ಸಂಸ್ಥೆಯ ವಿಜ್ಞಾನಿ. ಹೆಸರು ಬಂದಿದ್ದು ತಿಂಗಳಿಗೆ 30 ರೂಪಾಯಿ ಸಂಬಳಕ್ಕೆ ಲೆಕ್ಕ ಬರೀತಿದ್ದ ಒಬ್ಬ ಗುಮಾಸ್ತನಿಂದ.

ಬಿಕಾಂ ಓದೋರು ಈ ಸರಣಿಯನ್ನ ಪೂರ್ತಿ ಓದ್ಲೇಬೇಕು. ಯಾಕಂದ್ರೆ ಇದು ಅರ್ಧ ಆಕಾಶದ ಕಥೆ, ಅರ್ಧ ಅಕೌಂಟ್ಸ್ ಕಥೆ.

ಭಾಗ 2/9 | ರಾಜನ ಹೆಸರು ಉಳೀಲಿಲ್ಲ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1801ರ ಜನವರಿ 1, ಇಟಲಿ ಕಡೆಯ ಸಿಸಿಲಿ ದ್ವೀಪದ ಪಲೆರ್ಮೊ ಊರು. ಜುಸೆಪ್ಪೆ ಪಿಯಾಝಿ ಅನ್ನೋ ಪಾದ್ರಿ ನಕ್ಷತ್ರಗಳ ಪಟ್ಟಿ ಮಾಡ್ತಾ ಇದ್ರು. ಒಂದು ಚುಕ್ಕೆ ಮಾತ್ರ ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸ್ತಾ ಇತ್ತು. ನಕ್ಷತ್ರ ಹಾಗೆ ಜರುಗಲ್ಲ. ಅದೇ ಮೊದಲು ಸಿಕ್ಕ ಕ್ಷುದ್ರಗ್ರಹ, ಸಿರಿಸ್. (ಈಗ ಅದಕ್ಕೆ ಬಡ್ತಿ ಕೊಟ್ಟು ಕುಬ್ಜ ಗ್ರಹ ಅಂತಾರೆ.)

ಪಿಯಾಝಿ ಇಟ್ಟಿದ್ದು ಜೋಡಿ ಹೆಸರು: ಸಿರಿಸ್ ಫರ್ಡಿನಾಂಡಿಯಾ. ಸಿರಿಸ್ ಅಂದ್ರೆ ರೋಮನ್ನರ ಬೆಳೆಯ ದೇವತೆ. ಫರ್ಡಿನಾಂಡಿಯಾ ಯಾಕೆ ಅಂದ್ರೆ ಅಲ್ಲಿನ ದೊರೆ ಫರ್ಡಿನಾಂಡ್. ವೀಕ್ಷಣಾಲಯ ನಡೀತಿದ್ದದ್ದೇ ದೊರೆಯ ಆಶ್ರಯದಲ್ಲಿ, ಋಣ ತೀರಿಸಬೇಕಲ್ಲ! ಆದ್ರೆ ಬೇರೆ ದೇಶದೋರು ಒಪ್ಪಲಿಲ್ಲ. ದೊರೆಯ ಹೆಸರು ಉದುರಿ ಹೋಯ್ತು, ದೇವತೆಯ ಹೆಸರು ಉಳೀತು.

ಇನ್ನೊಂದು ಮುಖ್ಯ ವಿಷಯ. ಕೆಲವೇ ವಾರದಲ್ಲಿ ಸಿರಿಸ್ ಸೂರ್ಯನ ಬೆಳಕಿನ ಹಿಂದೆ ಹೋಗಿ ಕಳೆದೇ ಹೋಯ್ತು. ಮತ್ತೆ ಎಲ್ಲಿ ಬರುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಆಗ 24 ವರ್ಷದ ಗೌಸ್ ಅನ್ನೋ ಜರ್ಮನ್ ಹುಡುಗ ಬರೀ ಲೆಕ್ಕ ಹಾಕಿ "ಈ ಕಡೆ ನೋಡಿ" ಅಂದ. 1801ರ ಡಿಸೆಂಬರ್ 31ಕ್ಕೆ ಅಲ್ಲೇ ಹತ್ತಿರದಲ್ಲಿ ಸಿಕ್ತು.

ಕಾಣೋದು ಒಂದು ಕೆಲಸ, ಕಂಡಿದ್ದನ್ನ ಕಳ್ಕೊಳ್ಳದೆ ಇರೋದು ಇನ್ನೊಂದು ಕೆಲಸ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3/9 | ಕಲ್ಲು ಮದ್ರಾಸಿಂದು, ಹೆಸರು ಹೊರಗಿಂದು

ಈಗ ನಮ್ಮ ಕಡೆಗೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯೋರು 1792ರಲ್ಲಿ ಮದ್ರಾಸಿನ ನುಂಗಂಬಾಕ್ಕಂನಲ್ಲಿ ಒಂದು ವೀಕ್ಷಣಾಲಯ ಕಟ್ಟಿದ್ರು. ಹಡಗಿಗೆ ದಿಕ್ಕು, ಸಮಯ, ನಕ್ಷೆ ಬೇಕಿತ್ತು. 1861ರಲ್ಲಿ ಅಲ್ಲಿಗೆ ನಾರ್ಮನ್ ಪಾಗ್ಸನ್ ಅನ್ನೋ ಇಂಗ್ಲಿಷ್ ಖಗೋಳಜ್ಞ ಬಂದ್ರು. ಬಂದ ಎರಡೇ ತಿಂಗಳಲ್ಲಿ, ಏಪ್ರಿಲ್ 17ಕ್ಕೆ, ಒಂದು ಕ್ಷುದ್ರಗ್ರಹ ಕಂಡ್ರು. ಏಷ್ಯಾ ಖಂಡದಿಂದ ಕಂಡ ಮೊದಲನೇದು ಅದು. ಹಾಗಾಗಿ ಹೆಸರೇ 67 ಏಷ್ಯಾ.

ಆಮೇಲೆ ಮದ್ರಾಸಿಂದ್ಲೇ ಅವರಿಗೆ ಇನ್ನೂ ನಾಲ್ಕು ಸಿಕ್ಕವು: 80 ಸ್ಯಾಫೋ, 87 ಸಿಲ್ವಿಯಾ, 107 ಕ್ಯಾಮಿಲ್ಲಾ, 245 ವೆರಾ. ಕೊನೇದು 1885ರಲ್ಲಿ. ಹೆಸರುಗಳನ್ನ ಒಂದು ಸಲ ಓದಿ ನೋಡಿ. ಗ್ರೀಕ್ ಕವಯಿತ್ರಿ, ರೋಮನ್ ಪುರಾಣ, ಲ್ಯಾಟಿನ್ ಪದ. ಕಂಡಿದ್ದು ಮದ್ರಾಸಿನ ಆಕಾಶದಲ್ಲಿ, ಆದ್ರೆ ಪಟ್ಟಿಯಲ್ಲಿ ನಮ್ಮ ನೆಲದ ಹೆಸರು ಒಂದೂ ಇಲ್ಲ.

ನಮ್ಮೋರು ಅಲ್ಲಿ ಇರ್ಲಿಲ್ವಾ ಅಂದ್ರೆ, ಇದ್ರು. ಚಿಂತಾಮಣಿ ರಘುನಾಥಾಚಾರಿ ಅಂತ, ಹದಿಹರೆಯದಲ್ಲೇ ಆ ವೀಕ್ಷಣಾಲಯಕ್ಕೆ ಸೇರಿ, ಹಂತಹಂತವಾಗಿ ಮೇಲೆ ಬಂದು ಪಾಗ್ಸನ್ನರ ಮುಖ್ಯ ಸಹಾಯಕರಾದ್ರು. 1867ರಲ್ಲಿ ಬೆಳಕು ಹೆಚ್ಚುಕಡಿಮೆ ಆಗೋ ಒಂದು ನಕ್ಷತ್ರ ಕಂಡುಹಿಡಿದ್ರು. ಅದು ಆರ್ ರೆಟಿಕ್ಯುಲಿ. 1874ರ ಶುಕ್ರ ಸಂಕ್ರಮಣದ ಬಗ್ಗೆ ಜನಸಾಮಾನ್ಯರಿಗೆ ಅರ್ಥವಾಗೋ ಹಾಗೆ ಪುಸ್ತಿಕೆ ಬರೆದ್ರು. ಅದು ಇಂಗ್ಲಿಷ್ ಜೊತೆಗೆ ಭಾರತೀಯ ಭಾಷೆಯಲ್ಲೂ ಬಂತು.

ಪಾಗ್ಸನ್ನರ ಮಗಳು ಎಲಿಜಬೆತ್ ಐಸಿಸ್ ಕೂಡ ಅಲ್ಲೇ ಸಹಾಯಕಿಯಾಗಿ ದುಡಿದೋರು. 1886ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಗೆ ಅವರ ಹೆಸರು ಸೂಚಿಸಿದಾಗ ಹೆಂಗಸು ಅನ್ನೋ ಕಾರಣಕ್ಕೆ ತೆಗೆದುಹಾಕಿದ್ರು. ಸದಸ್ಯತ್ವ ಸಿಕ್ಕಿದ್ದು 1920ರಲ್ಲಿ. ದುಡಿದೋರು ಒಬ್ರು, ಹೆಸರು ಬೀಳೋದು ಇನ್ನೊಬ್ರದ್ದು ಅನ್ನೋದು ತೋಟದಲ್ಲಿ ಮಾತ್ರ ಅಲ್ಲ, ಆಕಾಶದಲ್ಲೂ ಇತ್ತು.

ಭಾಗ 4/9 | ಮದ್ರಾಸಿಂದ ಕೋರಮಂಗಲಕ್ಕೆ

1885ರ ವೆರಾ ಆದ್ಮೇಲೆ ಭಾರತದ ನೆಲದಿಂದ ಹೊಸ ಕ್ಷುದ್ರಗ್ರಹ ಸಿಗೋಕೆ 103 ವರ್ಷ ಬೇಕಾಯ್ತು.

ಆ ನಡುವೆ ವೀಕ್ಷಣಾಲಯವೇ ಊರು ಬಿಡ್ತು. 1899ರಲ್ಲಿ ಕೆಲಸ ಕೊಡೈಕನಾಲ್ ಬೆಟ್ಟಕ್ಕೆ ಹೋಯ್ತು. ಅಲ್ಲಿ ಮುಖ್ಯವಾಗಿ ಸೂರ್ಯನ ಅಧ್ಯಯನ. ಸ್ವಾತಂತ್ರ್ಯ ಬಂದ ಮೇಲೆ ವೇಣು ಬಾಪು ಅನ್ನೋ ಖಗೋಳ ವಿಜ್ಞಾನಿ ಅದರ ಜವಾಬ್ದಾರಿ ತಗೊಂಡ್ರು. ರಾತ್ರಿ ಆಕಾಶ ನೋಡೋಕೆ ಬೇರೆ ಜಾಗ ಬೇಕು ಅಂತ ಹುಡುಕಿ ಹುಡುಕಿ, 1960ರ ದಶಕದ ಕೊನೆಗೆ ತಮಿಳುನಾಡಿನ ಜವಾಧಿ ಬೆಟ್ಟಸಾಲಿನ ಕಾವಲೂರನ್ನ ಆರಿಸಿದ್ರು. 1971ರಲ್ಲಿ ಅದೇ ಹಳೇ ಬೇರಿಂದ ಭಾರತೀಯ ಖಭೌತ ಸಂಸ್ಥೆ ಹುಟ್ಟಿತು. ಅದರ ಮುಖ್ಯ ಕಚೇರಿ ಬೆಂಗಳೂರಿಗೆ, ಕೋರಮಂಗಲಕ್ಕೆ ಬಂತು. ನಮ್ಮ ಕ್ಲಾಸಿನ ಅರ್ಧ ಜನ ಇಂಟರ್ನ್‌ಶಿಪ್ ಹುಡುಕ್ತಾ ಇರೋ ಅದೇ ಕೋರಮಂಗಲ! ಸ್ಟಾರ್ಟಪ್ ಬೋರ್ಡುಗಳ ಮಧ್ಯೆ, ನುಂಗಂಬಾಕ್ಕಂ ಕಾಲದ ಪರಂಪರೆ ಇಟ್ಕೊಂಡ ಸಂಸ್ಥೆ ಒಂದಿದೆ ಅಂತ ಎಷ್ಟು ಜನಕ್ಕೆ ಗೊತ್ತು?

"ನಮ್ಮ ಬೆಟ್ಟದಲ್ಲಿ ಯಾಕೆ ಕಟ್ಟಲಿಲ್ಲ? ಮುಳ್ಳಯ್ಯನಗಿರಿ ಕಾವಲೂರಿಗಿಂತ ಎತ್ತರ ಅಲ್ವಾ?" ಅಂತ ಕೇಳ್ಬಹುದು. ಎತ್ತರ ನಿಜ. ಆದ್ರೆ ಕಳಸ, ಕುದುರೆಮುಖದ ಮಳೆ ಲೆಕ್ಕ ನಿಮಗೇ ಗೊತ್ತು. ಜೂನಿಂದ ಹಿಡಿದುಕೊಂಡ್ರೆ ತಿಂಗಳುಗಟ್ಟಲೆ ಸೂರ್ಯನೇ ಕಾಣಲ್ಲ, ಇನ್ನು ನಕ್ಷತ್ರ ಎಲ್ಲಿ? ದೂರದರ್ಶಕಕ್ಕೆ ಬೇಕಾಗಿರೋದು ಎತ್ತರಕ್ಕಿಂತ ಹೆಚ್ಚಾಗಿ ಮೋಡ ಇಲ್ಲದ ರಾತ್ರಿಗಳು, ಊರಿನ ದೀಪ ಇಲ್ಲದ ಕತ್ತಲೆ. ಕತ್ತಲೆ ನಮ್ಮಲ್ಲಿದೆ, ಮೋಡದ್ದೇ ತಕರಾರು.

ಭಾಗ 5/9 | 1988ರ ಫೆಬ್ರವರಿ 17

ಫೆಬ್ರವರಿ ಅಂದ್ರೆ ನಮ್ಮಲ್ಲಿ ರೊಬಸ್ಟಾ ಕುಯ್ಲಿನ ಕೊನೆ. ಕಣದಲ್ಲಿ ಹಣ್ಣು ಒಣಗ್ತಾ ಇರುತ್ತೆ, ಆಕಾಶ ತಿಳಿಯಾಗಿರುತ್ತೆ. ಕಾವಲೂರಲ್ಲೂ ಅದು ಒಳ್ಳೇ ಸೀಸನ್ನು.

ಖಭೌತ ಸಂಸ್ಥೆಯ ಆರ್. ರಾಜಮೋಹನ್ ಅವರು ಅಲ್ಲಿ ಕ್ಷುದ್ರಗ್ರಹ, ಧೂಮಕೇತುಗಳನ್ನ ಹುಡುಕೋ ಒಂದು ಯೋಜನೆ ನಡೆಸ್ತಾ ಇದ್ರು. ಯೋಜನೆಯ ಹೆಸರು ಕಲ್ಕಿ. ಕಾವಲೂರಿನ ಹೆಸರುವಾಸಿ ದೂರದರ್ಶಕ 2.3 ಮೀಟರಿನದು. ಆದ್ರೆ ಈ ಕೆಲಸಕ್ಕೆ ಬಳಸಿದ್ದು ಅದನ್ನಲ್ಲ, ಅರ್ಧ ಮೀಟರಿಗಿಂತಲೂ ಚಿಕ್ಕ ಬಾಯಿಯ ಷ್ಮಿಟ್ ದೂರದರ್ಶಕವನ್ನ. ಅದು ಒಂದು ದೊಡ್ಡ ಕ್ಯಾಮೆರಾ ಇದ್ದ ಹಾಗೆ. ಒಂದೇ ಫೋಟೋದಲ್ಲಿ ಆಕಾಶದ ಅಗಲವಾದ ತುಂಡು ಹಿಡಿಯುತ್ತೆ. ಹುಡುಕೋ ಕೆಲಸಕ್ಕೆ ಅಗಲವೇ ಮುಖ್ಯ.

ಹುಡುಕೋದು ಹೇಗೆ? ರಾತ್ರಿ ಚಾರ್ಮಾಡಿ ಘಾಟಿಯ ತಿರುವಲ್ಲಿ ನಿಂತು ಕೆಳಗೆ ನೋಡಿ. ನೂರಾರು ದೀಪ ಕಾಣುತ್ತೆ. ಯಾವುದು ಮನೆ, ಯಾವುದು ಬಸ್ಸು? ಒಂದೇ ಸಲ ನೋಡಿದ್ರೆ ಗೊತ್ತಾಗಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಜಾಗ ಬದಲಿಸಿದ ದೀಪವೇ ಬಸ್ಸು. ಇಲ್ಲೂ ಅಷ್ಟೇ. ಆಕಾಶದ ಒಂದೇ ಜಾಗವನ್ನ ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ಫೋಟೋ ತೆಗೀಬೇಕು, ಎರಡನ್ನೂ ಹೋಲಿಸಬೇಕು. ಸಾವಿರಾರು ಚುಕ್ಕೆಗಳಲ್ಲಿ ಒಂದು ಮಾತ್ರ ಕೂದಲೆಳೆಯಷ್ಟು ಜರುಗಿರುತ್ತೆ.

ಆಗ ಇದನ್ನೆಲ್ಲ ತೊಳೆದು ಒಣಗಿಸಿದ ಫೋಟೋ ನೋಡಿ ಕಣ್ಣಲ್ಲೇ ಮಾಡಬೇಕಿತ್ತು. ಫೋನಲ್ಲಿ ಝೂಮ್ ಮಾಡೋ ಹಾಗಿರ್ಲಿಲ್ಲ. ಹಾಗೆ ಜರುಗಿದ ಒಂದು ಚುಕ್ಕೆ ಫೆಬ್ರವರಿ 17ರ ದಾಖಲೆಗೆ ಸೇರ್ತು. 1885ರ ವೆರಾ ಆದ್ಮೇಲೆ ಭಾರತದಿಂದ ಕಂಡ ಮೊದಲ ಕ್ಷುದ್ರಗ್ರಹ.

ಭಾಗ 6/9 | ಮೊದಲು ಸಸ್ಪೆನ್ಸ್ ಅಕೌಂಟ್

ಬಿಕಾಂ ಗೆಳೆಯರೇ, ಈ ಭಾಗ ನಮಗೇ ಅಂತ ಮಾಡಿದ್ದು.

ಯಾವ ಖಾತೆಗೆ ಸೇರಿದ್ದು ಅಂತ ಗೊತ್ತಾಗದ ಮೊತ್ತ ಬಂದ್ರೆ ಏನ್ಮಾಡ್ತೀವಿ? ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ದಾಖಲೆ ಸಿಕ್ಕ ಮೇಲೆ ಸರಿಯಾದ ಖಾತೆಗೆ ವರ್ಗಾಯಿಸ್ತೀವಿ. ಕ್ಷುದ್ರಗ್ರಹಕ್ಕೂ ಹಾಗೇ. ಹೊಸ ಚುಕ್ಕೆ ಕಂಡ ತಕ್ಷಣ ಹೆಸರಿಡೋ ಹಾಗಿಲ್ಲ. ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್ ಒಂದು ತಾತ್ಕಾಲಿಕ ಗುರುತು ಕೊಡುತ್ತೆ. ನಮ್ಮ ಕಲ್ಲಿಗೆ ಸಿಕ್ಕಿದ್ದು 1988 ಡಿಕ್ಯೂ1.

ಇದನ್ನ ಓದೋದು ಸುಲಭ. ವರ್ಷ 1988. ವರ್ಷವನ್ನ 24 ಅರ್ಧ ತಿಂಗಳಾಗಿ ಒಡೆದು, ಐ ಬಿಟ್ಟು, ಇಂಗ್ಲಿಷ್ ಅಕ್ಷರ ಕೊಡ್ತಾರೆ. ಎ, ಬಿ ಎರಡೂ ಜನವರಿ. ಸಿ ಅಂದ್ರೆ ಫೆಬ್ರವರಿಯ ಮೊದಲರ್ಧ, ಡಿ ಅಂದ್ರೆ ಎರಡನೇ ಅರ್ಧ. 17ನೇ ತಾರೀಕು ಅಲ್ಲಿಗೆ ಬೀಳುತ್ತೆ. ಮುಂದಿನ ಅಕ್ಷರ, ಆ ಅವಧಿಯಲ್ಲಿ ಎಷ್ಟನೇದು ಅನ್ನೋ ಲೆಕ್ಕ. ಐ ಬಿಟ್ರೆ ಕ್ಯೂ 16ನೇ ಅಕ್ಷರ. ಪಕ್ಕದ 1 ಅಂದ್ರೆ 25 ಅಕ್ಷರದ ಒಂದು ಸುತ್ತು ಮುಗಿದಿದೆ. 25ಕ್ಕೆ 16 ಕೂಡಿಸಿ, 41. ಅಂದ್ರೆ ಜಗತ್ತಿನಲ್ಲಿ ಆ ಅರ್ಧ ತಿಂಗಳಲ್ಲಿ ಪಟ್ಟಿಗೆ ಸೇರಿದ 41ನೇ ಕಾಯ. ವೋಚರ್ ನಂಬರ್ ಥರ ಇಲ್ವಾ?

ಈ ವೋಚರ್ ಪಕ್ಕಾ ಆಗೋಕೆ ಅದೇ ಕಲ್ಲನ್ನ ಮತ್ತೆ ಮತ್ತೆ ನೋಡಬೇಕು. ಸಾಮಾನ್ಯವಾಗಿ ಅದು ನಾಲ್ಕು ಬೇರೆ ಬೇರೆ ಸುತ್ತಿನಲ್ಲಿ ಚೆನ್ನಾಗಿ ಕಾಣೋ ಜಾಗಕ್ಕೆ ಬಂದಾಗ ಅಳತೆ ಸಿಗಬೇಕು. ಬೇರೆಯವರ ಹಳೇ ಫೋಟೋಗಳಲ್ಲಿ ಅದೇ ಕಲ್ಲು ಗುರುತು ಸಿಕ್ಕರೆ ಕೆಲಸ ಬೇಗ ಆಗುತ್ತೆ. ಹಾದಿ ಖಚಿತ ಆಯ್ತು, ಇನ್ನು ಕಳೆದು ಹೋಗಲ್ಲ ಅಂತ ಆದ್ಮೇಲೆ ಮಾತ್ರ ಕಾಯಂ ನಂಬರ್. ಸಿರಿಸ್ ಕಳೆದು ಹೋಗಿದ್ದರಿಂದ ಕಲಿತ ಪಾಠ ಇದು. ನಮ್ಮ ಕಲ್ಲಿಗೆ ಬಂದ ಕಾಯಂ ನಂಬರೇ 4130.

ಭಾಗ 7/9 | ಲೆಕ್ಕ ಬರೆಯೋ ಗುಮಾಸ್ತ

ನಂಬರ್ ಬಂದ ಮೇಲೆ ಹೆಸರು ಸೂಚಿಸೋ ಹಕ್ಕು ಕಂಡುಹಿಡಿದೋರದ್ದು. ತಮ್ಮ ಹೆಸರನ್ನ ತಾವೇ ಇಟ್ಕೊಳ್ಳೋ ಹಾಗಿಲ್ಲ. ರಾಜಮೋಹನ್ ಅವರ ಕಲ್ಲಿಗೆ ಬಂದ ಹೆಸರು ಶ್ರೀನಿವಾಸ ರಾಮಾನುಜನ್ ಅವರದ್ದು.

ಕಾಲ ನೋಡಿ. ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22, ಈರೋಡಿನಲ್ಲಿ. 1987ರ ಡಿಸೆಂಬರಿಗೆ ನೂರು ತುಂಬಿತ್ತು. ಕಾವಲೂರಲ್ಲಿ ಆ ಚುಕ್ಕೆ ಸಿಕ್ಕಾಗ ಶತಮಾನೋತ್ಸವ ಆಗಿ ಎರಡು ತಿಂಗಳೂ ಕಳೆದಿರ್ಲಿಲ್ಲ.

ರಾಮಾನುಜನ್ ಗಣಿತದಲ್ಲಿ ದೈತ್ಯ ಅನ್ನೋದು ಎಲ್ಲರಿಗೂ ಗೊತ್ತು. ಅವರ ಅಕೌಂಟ್ಸ್ ಕಥೆ ಗೊತ್ತಾ? ಅಪ್ಪ ಕುಂಭಕೋಣದಲ್ಲಿ ಬಟ್ಟೆ ಅಂಗಡಿಯ ಗುಮಾಸ್ತ. ಮಗ ಕಾಲೇಜಲ್ಲಿ ಗಣಿತ ಬಿಟ್ಟು ಬೇರೆ ವಿಷಯದ ಕಡೆ ತಿರುಗಿ ನೋಡದೆ ಫೇಲಾದ, ಡಿಗ್ರಿ ಇಲ್ಲ. 1912ರ ಮಾರ್ಚ್ 1ರಂದು ಮದ್ರಾಸ್ ಬಂದರು ಟ್ರಸ್ಟಿನ ಲೆಕ್ಕ ವಿಭಾಗಕ್ಕೆ ಗುಮಾಸ್ತನಾಗಿ ಸೇರಿದ. ಸಂಬಳ 30 ರೂಪಾಯಿ. ಅಲ್ಲಿ ಲೆಕ್ಕ ವಿಭಾಗದ ಮುಖ್ಯಸ್ಥರಾಗಿದ್ದ ನಾರಾಯಣ ಅಯ್ಯರ್ ಅವರೂ ಗಣಿತ ಬಲ್ಲೋರು. ಹುಡುಗನ ನೋಟ್‌ಬುಕ್ ನೋಡಿ ಬೆನ್ನಿಗೆ ನಿಂತ್ರು, ಟ್ರಸ್ಟಿನ ಅಧ್ಯಕ್ಷರ ಗಮನಕ್ಕೂ ತಂದ್ರು. 1913ರ ಜನವರಿಯಲ್ಲಿ ಕೇಂಬ್ರಿಜಿನ ಹಾರ್ಡಿಗೆ ಬರೆದ ಆ ಪ್ರಸಿದ್ಧ ಕಾಗದದಲ್ಲಿ ರಾಮಾನುಜನ್ ಮೊದಲು ತಾನು ಲೆಕ್ಕ ವಿಭಾಗದ ಗುಮಾಸ್ತ, ಸಂಬಳ ಇಷ್ಟು ಅಂತ ಹೇಳ್ಕೊಂಡು, ಆಮೇಲೆ ಗಣಿತಕ್ಕೆ ಬರ್ತಾರೆ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ್ರು. 1920ರಲ್ಲಿ, 32ನೇ ವಯಸ್ಸಿಗೆ ಹೋಗ್ಬಿಟ್ರು.

ಪಾಗ್ಸನ್ ಕೆಲಸ ಮಾಡಿದ ಅದೇ ಮದ್ರಾಸಲ್ಲಿ ರಾಮಾನುಜನ್ ಲೆಡ್ಜರ್ ಬರೀತಾ ಇದ್ರು. ಪಾಗ್ಸನ್ ಪಟ್ಟಿಯಲ್ಲಿ ಇಲ್ಲಿಯ ಒಬ್ಬರ ಹೆಸರೂ ಬರಲಿಲ್ಲ. ನೂರು ವರ್ಷ ಆದ್ಮೇಲೆ, ಅದೇ ವೀಕ್ಷಣಾಲಯದ ವಾರಸುದಾರ ಸಂಸ್ಥೆಗೆ ಕಲ್ಲು ಸಿಕ್ಕಾಗ, ಆ ಮದ್ರಾಸಿನ ಗುಮಾಸ್ತನ ಹೆಸರು ಆಕಾಶದ ಲೆಡ್ಜರಿಗೆ ಏರಿತು. ದುಡ್ಡು ಕೊಟ್ಟ ದೊರೆಯ ಹೆಸರು ಉದುರಿತ್ತು, ನೆನಪಿದೆಯಲ್ಲ? ಈ ಹೆಸರು ಉದುರಲ್ಲ.

ಭಾಗ 8/9 | ಕೋರಮಂಗಲದ ಇನ್ನಷ್ಟು ಕಲ್ಲುಗಳು

ರಾಜಮೋಹನ್ ಅಲ್ಲಿಗೇ ನಿಲ್ಲಿಸಲಿಲ್ಲ. 1988ರಲ್ಲೇ ಕಾವಲೂರಿಂದ ಕಂಡ ಇನ್ನೊಂದು ಕಲ್ಲಿಗೆ 8348 ಭಟ್ಟಾಚಾರ್ಯ ಅಂತ ಹೆಸರು. ಖಭೌತ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಸಿ. ಭಟ್ಟಾಚಾರ್ಯ ಅವರ ಗೌರವಕ್ಕೆ. 1977ರಲ್ಲಿ ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದಾಗ ಅದರ ಬಳೆಗಳ ಸುಳಿವು ಜಗತ್ತಿನ ಕೆಲವೇ ಕಡೆ ದಾಖಲಾಯ್ತು. ಅದರಲ್ಲಿ ಕಾವಲೂರೂ ಒಂದು, ಆ ಕೆಲಸ ಇವರ ತಂಡದ್ದು.

1989ರಲ್ಲಿ ಸಿಕ್ಕ ಮತ್ತೊಂದು 5178 ಪಟ್ಟಾಳಿ. ಕೇರಳದ ಪರಿಸರ ವಿಜ್ಞಾನಿ ಸೈನುದ್ದೀನ್ ಪಟ್ಟಾಳಿ ಅವರ ಹೆಸರು. ಪಟ್ಟಾಳಿ ಅನ್ನೋದು ಕೊಲ್ಲಂ ಜಿಲ್ಲೆಯ ಒಂದು ಹಳ್ಳಿ. ನಮ್ಮಲ್ಲೂ ಹೆಸರಿನ ಹಿಂದೆ ಊರು ಬರುತ್ತಲ್ಲ, ಹಾಗೇ. ಒಂದು ಹಳ್ಳಿಯ ಹೆಸರು ಸದ್ದಿಲ್ಲದೆ ಆಕಾಶಕ್ಕೆ ಹೋಯ್ತು.

ಬೇರೆ ದೇಶದೋರು ಕಂಡ ಕಲ್ಲಿಗೂ ಇಲ್ಲಿನೋರ ಹೆಸರು ಬಂದಿದೆ. 2596 ವೇಣು ಬಾಪು, 1979ರಲ್ಲಿ ಚಿಲಿಯ ಲಾ ಸಿಲ್ಲಾದಲ್ಲಿ ರಿಚರ್ಡ್ ವೆಸ್ಟ್ ಕಂಡಿದ್ದು. 215884 ಜಯಂತ್‌ಮೂರ್ತಿ, 2005ರಲ್ಲಿ ಅಮೆರಿಕದ ಕಿಟ್ ಪೀಕಿನಲ್ಲಿ ಮಾರ್ಕ್ ಬ್ಯೂಯಿ ಕಂಡಿದ್ದು. ಜಯಂತ್ ಮೂರ್ತಿ ಅದೇ ಕೋರಮಂಗಲದ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದೋರು. ಪ್ಲೂಟೊ ಹತ್ತಿರ ಹಾದುಹೋದ ನ್ಯೂ ಹೊರೈಝನ್ಸ್ ನೌಕೆಯ ವಿಜ್ಞಾನ ತಂಡದ ಜೊತೆ ಮಾಡಿದ ಕೆಲಸಕ್ಕೆ ಈ ಗೌರವ.

ಗಮನಿಸಿದ್ರಾ? ಇವರಲ್ಲಿ ಯಾರೂ ಅರ್ಜಿ ಹಾಕಿ ಹೆಸರು ತಗೊಂಡೋರಲ್ಲ. ಕೆಲಸ ನೋಡಿದ ಇನ್ನೊಬ್ರು ಬರೆದು ಕಳಿಸಿದ್ದು.

ಭಾಗ 9/9 | ನಮ್ಮ ಬೆಟ್ಟದ ಹೆಸರು?

ಈಗಿನ ನಿಯಮ ಚುಟುಕಾಗಿ ಹೇಳ್ತೀನಿ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಒಂದು ಸಮಿತಿ ಪ್ರತಿ ಹೆಸರನ್ನೂ ಪರಿಶೀಲಿಸುತ್ತೆ. ನಂಬರ್ ಬಂದ 10 ವರ್ಷದೊಳಗೆ ಕಂಡುಹಿಡಿದೋರು ಹೆಸರು ಸೂಚಿಸಬಹುದು. ಇಂಗ್ಲಿಷಲ್ಲಿ ಬರೆದಾಗ 16 ಅಕ್ಷರ ದಾಟಬಾರದು, ಆದಷ್ಟು ಒಂದೇ ಪದ ಆಗಿರಬೇಕು. ಅದಕ್ಕೇ ಜಯಂತ್‌ಮೂರ್ತಿ ಅಂತ ಅಂಟಿಸಿ ಬರೆದಿರೋದು. ಕಂಪನಿ, ಬ್ರ್ಯಾಂಡ್ ಪ್ರಚಾರದ ಹೆಸರು ಬೇಡ. ರಾಜಕೀಯ, ಯುದ್ಧದಿಂದ ಹೆಸರಾದೋರಾದ್ರೆ ಸತ್ತು 100 ವರ್ಷ ಆಗಿರಬೇಕು. ಇವತ್ತು ನಂಬರ್ ಸಿಕ್ಕ ಕ್ಷುದ್ರಗ್ರಹಗಳು 7 ಲಕ್ಷಕ್ಕೂ ಹೆಚ್ಚು. ಹೆಸರು ಸಿಕ್ಕವು ಅದರಲ್ಲಿ ತುಂಬಾ ಸಣ್ಣ ಪಾಲು. ಅಂದ್ರೆ ಜಾಗ ಬೇಕಾದಷ್ಟಿದೆ.

ನಮ್ಮ ಹೆಸರುಗಳು ಹಿಡಿಯುತ್ತಾ ಅಂತ ಎಣಿಸಿದೆ. ಇಂಗ್ಲಿಷಲ್ಲಿ ಚಿಕ್ಕಮಗಳೂರು 14 ಅಕ್ಷರ, ಮುಳ್ಳಯ್ಯನಗಿರಿ 13, ಮೂಡಿಗೆರೆ 8, ಕಳಸ 6. ಎಲ್ಲಾ ಪಾಸ್! ಪೂರ್ಣಚಂದ್ರ ತೇಜಸ್ವಿ ಅಂತ ಪೂರ್ತಿ ಬರೆದ್ರೆ 16 ದಾಟುತ್ತೆ, ಬರೀ ತೇಜಸ್ವಿ ಅಂದ್ರೆ 7. ಸಾಹಿತಿಗಳಿಗೆ 100 ವರ್ಷದ ನಿಯಮ ಇಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿ, ಹುಳ, ಆಕಾಶ ಎಲ್ಲದರ ಬಗ್ಗೆ ಕುತೂಹಲ ಹಚ್ಚಿದೋರಿಗೆ ಒಂದು ಕಲ್ಲು ಸಲ್ಲಬೇಕು ಅಂತ ಯಾರಿಗಾದ್ರೂ ಅನ್ನಿಸಿದ್ರೆ, ಆನ್‌ಲೈನ್ ಪಿಟಿಷನ್ನಿಗೆ ಸಹಿ ಹಾಕೋದಕ್ಕಿಂತ ಗಟ್ಟಿ ದಾರಿ ಒಂದಿದೆ. ಕಲ್ಲು ಹುಡುಕೋದು.

ಅದಕ್ಕೆ ಬೆಟ್ಟದ ಮೇಲೆ ದೂರದರ್ಶಕ ಬೇಕಿಲ್ಲ, ಮಳೆಗಾಲ ಮುಗಿಯೋದೂ ಬೇಕಿಲ್ಲ. ಇಂಟರ್‌ನ್ಯಾಷನಲ್ ಅಸ್ಟ್ರನಾಮಿಕಲ್ ಸರ್ಚ್ ಕೊಲಾಬೊರೇಷನ್ ಅಂತ ಒಂದು ಕಾರ್ಯಕ್ರಮ ಇದೆ. ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನ ವಿದ್ಯಾರ್ಥಿ ತಂಡಗಳಿಗೆ ಉಚಿತವಾಗಿ ಕಳಿಸ್ತಾರೆ. ಕಂಪ್ಯೂಟರಲ್ಲಿ ಒಂದಾದ ಮೇಲೊಂದು ಚಿತ್ರ ಓಡಿಸಿ, ಜರುಗೋ ಚುಕ್ಕೆ ಹಿಡಿದು, ಅಳತೆ ಬರೆದು ಕಳಿಸಬೇಕು. ಭಾರತದ ಎಷ್ಟೋ ಶಾಲೆ, ಕಾಲೇಜಿನ ತಂಡಗಳು ಭಾಗವಹಿಸಿವೆ. ಬಿಎಸ್ಸಿನೇ ಆಗಿರಬೇಕು ಅಂತಿಲ್ಲ. ಕಾಲಂ ತಪ್ಪದೆ ಎಂಟ್ರಿ ಮಾಡೋ ತಾಳ್ಮೆ ಇರಬೇಕು, ಅದು ನಮಗಿದೆ ಅಲ್ವಾ? ಸಿಕ್ಕ ಚುಕ್ಕೆ ಕಾಯಂ ನಂಬರ್ ಆಗೋಕೆ ಹಲವು ವರ್ಷ ಹಿಡಿಯುತ್ತೆ. ಹಿಡೀಲಿ. ಕಾಫಿ ಗಿಡ ನೆಟ್ಟೋರಿಗೆ ಕಾಯೋದು ಹೊಸದಾ?

ನಮ್ಮ ಕಾಲೇಜಿಂದ ಒಂದು ತಂಡ ಕಟ್ಟೋಣ ಅಂತಿದ್ದೀನಿ. ಬರೋರು ಮೆಸೇಜ್ ಹಾಕಿ. ಉಳಿದೋರು ಕಾಮೆಂಟಲ್ಲಿ ಹೇಳಿ: ಕಲ್ಲು ನಿಮಗೆ ಸಿಕ್ಕಿದ್ರೆ ಯಾರ ಹೆಸರು ಇಡ್ತೀರಿ, ಯಾಕೆ? ನಿಮ್ಮ ಹೆಸರೇ ಇಡೋ ಹಾಗಿಲ್ಲ, 16 ಅಕ್ಷರ ದಾಟೋ ಹಾಗಿಲ್ಲ.

#ಕ್ಷುದ್ರಗ್ರಹ #4130ರಾಮಾನುಜನ್ #ಕಾವಲೂರು #ಮಲೆನಾಡು #ಕನ್ನಡದಲ್ಲಿಇತಿಹಾಸ